ಹೊಸ್ತಿಲಿನಿಂದ ಗೇಟಿನವರೆಗೆ

ನಾನು ಮೊದಲ ಸಲ ಲಿಂಗರಾಜಪುರದ ಆ ಬೀದಿಗೆ ಹೋದಾಗ ನನ್ನ ಕಕ್ಷಿದಾರಳು ಜೈಲಿನಲ್ಲಿದ್ದಳು. ಅವಳ ಫೋಟೊ ಮಾತ್ರ ಬೀದಿ ತುದಿಯ ಕಂಬದ ಮೇಲೆ ಮೈಸೂರು ಪೇಟ ತೊಟ್ಟು, ಶಾಲು ಹೊದ್ದು ನಿಂತಿತ್ತು. 'ನಮ್ಮ ಬೀದಿಯ ವೀರ ಮಹಿಳೆಗೆ ಹೃತ್ಪೂರ್ವಕ ಅಭಿನಂದನೆಗಳು' ಎಂದು ಫ್ಲೆಕ್ಸ್. ಕೆಳಗೆ ಸಾಲಾಗಿ ಶುಭ ಕೋರುವವರ ಮುಖಗಳು. ಎಲ್ಲಕ್ಕಿಂತ ದೊಡ್ಡ ಮುಖ ಅವಳ ಭಾವನದು, ಅಂದರೆ ತೀರಿಹೋದ ಗಂಡನ ಅಣ್ಣನದು. ನನ್ನನ್ನು ವಕೀಲೆಯಾಗಿ ಗೊತ್ತುಮಾಡಿದ್ದೂ ಅವರೇ.

"ಮೊದ್ಲು ಇದನ್ನ ಇಳಿಸ್ರಿ," ಎಂದೆ.

"ಯಾಕ್ ಮೇಡಂ? ಜನ ಪ್ರೀತಿಯಿಂದ ಹಾಕಿರೋದು."

"ಜನದ ಪ್ರೀತಿಯಿಂದ ನಿಮ್ಮ ತಮ್ಮನ ಹೆಂಡ್ತಿಗೆ ಜಾಮೀನು ಸಿಗಲ್ಲ. ಇಳಿಸ್ರಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಿವಾಜಿನಗರದ ನನ್ನ ಕಚೇರಿಯ ಕೆಳಗಿನ ಚಹಾದವನಿಗೂ ಗೊತ್ತು. ಆದರೆ ಅಂದು ಸಿಟ್ಟು ಬಂದದ್ದು ಸುಮ್ಮನೆ ಅಲ್ಲ. ಆ ಫ್ಲೆಕ್ಸೇ ಅವಳನ್ನು ಒಳಗೇ ಉಳಿಸುತ್ತದೆ ಎಂದು ಆಗಲೇ ಅನ್ನಿಸಿತ್ತು.

ಆಕೆ ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಮಾರುವವಳು. ಊಟದ ಹೊತ್ತಿನ ನಂತರ ಬೀದಿಯೆಲ್ಲ ಕಣ್ಣು ಮುಚ್ಚುವ ಸಮಯದಲ್ಲಿ ಒಬ್ಬ ಯುವಕ ಸ್ಕ್ರೂಡ್ರೈವರಿನಿಂದ ಮುಂಬಾಗಿಲ ಚಿಲಕ ಮೀಟಿ ಒಳಬಂದ. ಅವಳು ಅಡುಗೆಮನೆಯಲ್ಲಿ ಕಬ್ಬಿಣದ ಕಾವಲಿ ತೊಳೆಯುತ್ತಿದ್ದಳು. ಸದ್ದು ಕೇಳಿ ಕಾವಲಿ ಹಿಡಿದೇ ಹೊರಬಂದಳು. ಪೊಲೀಸರಿಗೆ ಕೊಟ್ಟ ಹೇಳಿಕೆಯ ಪ್ರಕಾರ ಅವನು ಓಡಿದ, ಅವಳು ಬೆನ್ನಟ್ಟಿದಳು, ಗೇಟಿನ ಹತ್ತಿರ ತಲೆಯ ಹಿಂಭಾಗಕ್ಕೆ ಒಂದು ಏಟು ಕೊಟ್ಟಳು. ಅವನು ಬಿದ್ದ. ಸ್ಕ್ರೂಡ್ರೈವರೂ ಗೇಟಿನ ಹತ್ತಿರವೇ ಸಿಕ್ಕಿತು. ಅವನನ್ನು ಆಸ್ಪತ್ರೆಗೆ ಸೇರಿಸಿದರು.

ಅವನಿನ್ನೂ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದಾಗಲೇ ಬೀದಿಯವರು ಶಾಮಿಯಾನ ಹಾಕಿ ಇವಳಿಗೆ ಸನ್ಮಾನ ಮಾಡಿದರು. ಮೈಕ್ ಕೈಗೆ ಕೊಟ್ಟರು. ವಿಡಿಯೋದಲ್ಲಿ ಅವಳು ಭಾವನ ಮುಖ ನೋಡಿಕೊಂಡು ಹೇಳುತ್ತಾಳೆ: "ಗೇಟ್ ತನಕ ಅಟ್ಟಿಸ್ಕೊಂಡು ಹೋಗಿ ಕೊಟ್ಟೆ. ಅಲ್ಲೇ ಮಲ್ಕೊಂಡ." ಜನ ಶಿಳ್ಳೆ ಹೊಡೆಯುತ್ತಾರೆ. ಆ ವಾರವೇ ಅವನು ಸತ್ತ. ಕೇಸು ಅವಳ ಮೇಲೇ ತಿರುಗಿಬಿತ್ತು, ಜೈಲಿಗೆ ಕಳಿಸಿದರು. ಶಿಳ್ಳೆ ಹೊಡೆದವರಲ್ಲಿ ಯಾರೋ ಹಂಚಿದ್ದ ವಿಡಿಯೋ ತನಿಖಾಧಿಕಾರಿಯ ಮೊಬೈಲಿಗೂ ಬಂತು.

ಮನೆಗೆ ನುಗ್ಗಿದವನನ್ನು ಏನು ಮಾಡಿದರೂ ಕಾನೂನು ಕೇಳುವುದಿಲ್ಲ ಎಂಬುದು ನಮ್ಮ ಜನರ ಗಟ್ಟಿ ನಂಬಿಕೆ. ಕೇಳುತ್ತದೆ. ಹೊಸ ನ್ಯಾಯ ಸಂಹಿತೆಯಲ್ಲಿ ಕಲಮಿನ ಸಂಖ್ಯೆಗಳು ಬದಲಾದರೂ ಮಾತು ಹೆಚ್ಚುಕಡಿಮೆ ಹಳೆಯದೇ. ಸೂರ್ಯ ಮುಳುಗಿದ ಮೇಲೆ ಮನೆ ಮುರಿದು ಬಂದವನ ವಿಷಯದಲ್ಲಿ ಮನೆಯವರಿಗೆ ದೊಡ್ಡ ಹಕ್ಕಿದೆ. ಹಗಲಿನಲ್ಲಿ ಅಷ್ಟು ಸಲೀಸಲ್ಲ. ಬಂದವನಿಂದ ಸಾವೋ ಭಾರಿ ಗಾಯವೋ ಆದೀತೆಂದು ಭಯಪಡಲು ಸರಿಯಾದ ಕಾರಣ ಇರಬೇಕು, ಏಟು ಅಗತ್ಯ ಮೀರಬಾರದು. ಕಳ್ಳ ಬೆನ್ನು ತಿರುಗಿಸಿ ಓಡತೊಡಗಿದರೆ ಭಯ ಮುಗಿಯಿತು, ಅದರೊಂದಿಗೆ ಪ್ರಾಣ ತೆಗೆಯುವ ಮಟ್ಟದ ಹಕ್ಕೂ ಮುಗಿಯಿತು. ಆಮೇಲೆ ಬಿದ್ದ ಏಟು ಶಿಕ್ಷೆ. ಶಿಕ್ಷೆ ಕೊಡುವ ಕೆಲಸ ಕೋರ್ಟಿನದು. ಅಂದರೆ ಕಾನೂನು ಕಾಪಾಡುವುದು ಹೆದರಿದವರನ್ನು. ನನ್ನ ಕಕ್ಷಿದಾರಳು ಮೈಕ್ ಹಿಡಿದು ತಾನು ಹೆದರಲೇ ಇಲ್ಲ ಎಂದು ಸಾರಿದ್ದಳು.

ಒಂಟಿ ಹೆಂಗಸು, ಓಡಿಹೋಗುವವಳಲ್ಲ ಎಂದು ವಾದಿಸಿ ಜಾಮೀನು ಪಡೆದೆ. ದೋಷಾರೋಪ ಪಟ್ಟಿ ಬಂದ ಮೇಲೆ ಮರಣೋತ್ತರ ಪರೀಕ್ಷೆಯ ವರದಿ ಓದಿದೆ. ತಲೆಗೆ ಎರಡು ಗಾಯ. ಒಂದು ಹಿಂಭಾಗದಲ್ಲಿ, ಕಾವಲಿಯದು. ಇನ್ನೊಂದು ಹಣೆಯ ಮೇಲೆ, ಅಡ್ಡಕ್ಕೆ ನೇರವಾಗಿ ಸೀಳಿದ್ದು, ಕೆಳಗಿನ ಮೂಳೆಯೂ ಒಡೆದಿದೆ. 'ಗೇಟಿನ ಬಳಿ ನೆಲಕ್ಕೆ ಬಿದ್ದಿದ್ದರಿಂದ' ಎಂದು ಪೊಲೀಸರು ಅರ್ಥ ಮಾಡಿಕೊಂಡಿದ್ದರು. ನಾನು ಫೈಲು ಹಿಡಿದು ಮತ್ತೆ ಆ ಮನೆಗೆ ಹೋದೆ.

"ಎಲ್ಲಿ ಬಿದ್ದ, ತೋರ್ಸಿ."

ಅವಳು ಗೇಟಿನ ಒಳಗಿನ ಜಾಗ ತೋರಿಸಿದಳು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ನೆಲ ಸವರಿದೆ. ಇಳಿಜಾರಾದ ನುಣುಪು ಸಿಮೆಂಟು. ಎಲ್ಲೂ ಒಂದು ಅಂಚಿಲ್ಲ.

"ಮೆಟ್ಲು ಒಡೆಸಿದ್ರಾ?"

"ಇಲ್ಲ ಮೇಡಂ. ಸ್ಕೂಟರ್ ಹತ್ಸಕ್ಕೆ ಅಂತ ಮೊದ್ಲಿಂದ್ಲೂ ಹಿಂಗೇ."

ಒಳಗೆ ಹೋದೆ. ಹಾಲಿನಲ್ಲಿ ರುಬ್ಬುವ ಯಂತ್ರ, ಅದರಾಚೆ ಒಳಕೋಣೆ. ಒಳಕೋಣೆಗೆ ಹಳೆಯ ಕಾಲದ ಕಲ್ಲಿನ ಹೊಸ್ತಿಲು, ಎತ್ತರವಾದದ್ದು, ಚೌಕ ಅಂಚಿನದು. ಅರಿಶಿನ ದಪ್ಪವಾಗಿ ಬಳಿದಿತ್ತು. ನಾನು ಅಂಚಿನ ಮೇಲೆ ಬೆರಳು ಆಡಿಸಿದೆ.

"ಮೇಡಂ, ಕಾಫಿ ತಗೊಳ್ಳಿ," ಎಂದರು ಭಾವ.

"ನೀವು ಸ್ವಲ್ಪ ಹೊತ್ತು ಆಚೆ ಇರಿ. ನಾನು ಇವರ ಹತ್ರ ಮಾತಾಡ್ಬೇಕು."

ಅವರು ಹೋದ ಮೇಲೆ ಅವಳು ಬಾಗಿಲ ಚೌಕಟ್ಟಿಗೆ ಒರಗಿ ಅಲ್ಲೇ ಕೂತಳು. "ನನ್ನ ಮಗಳು ಮನೇಲಿದ್ಲು," ಎಂದಳು.

ಮಗಳು ಕಾಲೇಜಿನ ಮೊದಲ ವರ್ಷದವಳು. ಅಂದು ಜ್ವರವೆಂದು ಒಳಕೋಣೆಯಲ್ಲಿ ಮಲಗಿದ್ದಳು. ಪೊಲೀಸರ ಒಂದು ಕಾಗದದಲ್ಲೂ ಅವಳ ಸುಳಿವಿಲ್ಲ.

"ಅವನು ಸ್ಕ್ರೂಡ್ರೈವರ್ ಹಿಡ್ಕೊಂಡು ಇಲ್ಲೇ ನಿಂತಿದ್ದ. ನನ್ನ ನೋಡಿ ಅದನ್ನ ಹಿಂಗೆ ಮೇಲೆತ್ತಿದ. ಸುಮ್ನಿರು, ಚುಚ್ಬಿಡ್ತೀನಿ ಅಂದ. ಬೀರು ಆ ಮೂಲೇಲಿದೆ, ಏನ್ ಬೇಕೋ ತಗೊಂಡ್ ಹೋಗ್ಲಿ ಅಂತ ನಿಂತೆ. ಕೂಗಕ್ಕೂ ಬಾಯಿ ಬರ್ಲಿಲ್ಲ. ಅಷ್ಟರಲ್ಲಿ ಒಳಗಿಂದ ಇವಳು 'ಯಾರಮ್ಮಾ' ಅಂದ್ಲು. ಅವನು ತಿರುಗಿ ಕೋಣೆ ಕಡೆ ಹೋದ. ನನ್ನ ಕಡೆ ಬೆನ್ನಾಯ್ತು." ಅವಳು ಹೊಸ್ತಿಲ ಮೇಲೆ ಕೈಯಿಟ್ಟು ಹೇಳಿದಳು, "ಒಂದೇ ಏಟು ಮೇಡಂ. ಹೊಸ್ತಿಲ ಮೇಲೆ ಬೋರಲು ಬಿದ್ದ."

"ಮತ್ತೆ ಗೇಟಿಗೆ ಹೇಗೆ ಬಂದ?"

ಉತ್ತರ ಭಾವನಿಂದಲೇ ಬರಬೇಕಾಯಿತು. ಒಳಗೆ ಕರೆದು ಕೇಳಿದಾಗ ಅವರು ಕನ್ನಡಕ ಒರೆಸುತ್ತ ಒಂದೊಂದೇ ಮಾತು ಬಿಟ್ಟರು. ಪಕ್ಕದ ಕಟ್ಟಡದಲ್ಲೇ ಇರುವ ಅವರು ತಾಯಿ ಮಗಳ ಕೂಗು ಕೇಳಿ ಬಂದಾಗ ಅವನು ಹೊಸ್ತಿಲ ಮೇಲಿದ್ದ. ಮನೆಯೊಳಗೆ, ಅದೂ ಹೊಸ್ತಿಲ ಮೇಲೆ ಪ್ರಾಣ ಹೋದರೆ, ನಕ್ಷತ್ರ ಕೆಟ್ಟದಿದ್ದರೆ ತಿಂಗಳುಗಟ್ಟಲೆ ಮನೆ ಬಿಡಬೇಕು. ಹಿಟ್ಟಿನ ವ್ಯಾಪಾರ ನಿಲ್ಲಬೇಕು, ಬೀಗ ಹಾಕಬೇಕು. ಹಾಗಾಗಿ ಕಂಕುಳಿಗೆ ಕೈಕೊಟ್ಟು ಗೇಟಿನವರೆಗೆ ಎಳೆದು ತಂದರು. ಸ್ಕ್ರೂಡ್ರೈವರನ್ನೂ ತಂದು ಪಕ್ಕದಲ್ಲಿಟ್ಟರು. ಒಳಗೆ ಗಂಜಲ ಚಿಮುಕಿಸಿ, ಅರಿಶಿನದ ನೀರಿನಲ್ಲಿ ನೆಲ ತೊಳೆಸಿದರು. ಆಮೇಲೆ ಪೊಲೀಸರಿಗೆ ಫೋನ್ ಮಾಡಿದರು. ಹುಡುಗಿಯನ್ನು ತಮ್ಮ ಮನೆಗೆ ಕಳಿಸಿ, ಅವನು ಗೇಟಿನಲ್ಲಿ ಬಿದ್ದದ್ದಕ್ಕೆ ಒಪ್ಪುವಂಥ ಕಥೆ ಕಟ್ಟಿದರು. ಬೆನ್ನಟ್ಟಿದ ವೀರ ಮಹಿಳೆ ಹುಟ್ಟಿದ್ದು ಹಾಗೆ.

ನನ್ನ ತಲೆ ಕೆಟ್ಟುಹೋಯಿತು. "ನಿಮ್ಮ ಮನೆ ಉಳಿಸಕ್ಕೆ ಹೋಗಿ ಇವರನ್ನ ಜೈಲಿಗೆ ಹಾಕ್ಸಿದೀರ," ಎಂದೆ. ಕೇಡು ಬಗೆದು ಮಾಡಿದ್ದಲ್ಲ ಎಂದು ನನಗೂ ಗೊತ್ತಿತ್ತು, ಆದರೂ ಅನುಕಂಪ ಬರಲಿಲ್ಲ.

"ಮಗಳು ಸಾಕ್ಷಿ ಹೇಳ್ಬೇಕಾಗತ್ತೆ," ಎಂದು ಅವಳಿಗೆ ಹೇಳಿದೆ.

"ಅದೊಂದು ಬೇಡ. ಗಂಡಸು ನುಗ್ಗಿದ್ದ, ಒಳಗೆ ಹುಡುಗಿ ಇದ್ಲು ಅಂದ್ರೆ ಜನ ಅಷ್ಟಕ್ಕೇ ನಿಲ್ಸಲ್ಲ ಮೇಡಂ. ಅವಳ ಹೆಸರು ಕೋರ್ಟಲ್ಲಿ ಕೂಗ್ಬಾರ್ದು. ನಾನು ಒಳಗೆ ಹೋದ್ರೂ ಪರವಾಗಿಲ್ಲ."

ಮಾತು ಮುಗಿಯಿತು ಎಂಬಂತೆ ಎದ್ದು ಹಿಟ್ಟಿನ ಡಬ್ಬಿಗಳ ಕಡೆ ಹೋದಳು. ಅಂದಿನಿಂದ ನನ್ನ ಮುಂದಿದ್ದದ್ದು ಇಷ್ಟೇ: ಹುಡುಗಿಯ ಬಾಯಿ ತೆರೆಸದೆ ತಾಯಿಯನ್ನು ಬಿಡಿಸಬಹುದೇ?

ಫ್ರೇಜರ್ ಟೌನಿನಲ್ಲಿರುವ ನನ್ನ ಸೀನಿಯರ್ ಹತ್ತಿರ ಹೋದೆ. ಅವರ ಕೈಕೆಳಗೇ ನಾನು ಕೆಲಸ ಕಲಿತದ್ದು. ಈಗ ಕೋರ್ಟಿಗೆ ಬರುವುದು ಕಡಿಮೆ.

"ಬೇಟಾ, ಡಿಫೆನ್ಸ್ ಸಾಕ್ಷಿ ಕರೀಬೇಡ," ಎಂದರು. "ಪ್ರಾಸಿಕ್ಯೂಷನ್ ಸಾಕ್ಷಿಗಳ ಬಾಯಿಂದ್ಲೇ ತೆಗಿ. ನಮ್ಮ ಕಡೆಯವರನ್ನ ಬಾಕ್ಸ್ ಹತ್ತಿಸಿದ್ರೆ ನಾವೇ ಚಿಲಕ ತೆಗೆದು ಕೊಟ್ಟಂಗೆ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಆ ಹುಡುಗಿಗೆ ಒಂದು ಪ್ರಶ್ನೆ ಹಾಕಿದ್ರೆ ಸಾಕು, ಖತಂ."

ಅವರ ಮಾತು ತಪ್ಪಲ್ಲ. ಆತ್ಮರಕ್ಷಣೆಯನ್ನು ಸಾಬೀತು ಮಾಡುವ ಹೊಣೆ ಆರೋಪಿಯದು. ಆದರೆ ಅನುಮಾನಕ್ಕೆ ಎಡೆಯಿಲ್ಲದಷ್ಟು ಮಾಡಬೇಕಿಲ್ಲ, ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಎದುರು ಪಕ್ಷದ ಸಾಕ್ಷ್ಯದಿಂದಲೇ ತೋರಿಸಬಹುದು. ಅದನ್ನೇ ಪ್ರಯತ್ನಿಸಿದೆ.

ವೈದ್ಯರು ಸಾಕ್ಷಿ ಹೇಳಲು ಬಂದ ದಿನ ಗೇಟಿನ ನೆಲದ ಫೋಟೊ ಅವರ ಕೈಗೆ ಕೊಟ್ಟೆ.

"ಡಾಕ್ಟ್ರೇ, ಇಂಥ ನುಣುಪು ಇಳಿಜಾರಿನ ಮೇಲೆ ಬಿದ್ದರೆ ಹಣೆಯಲ್ಲಿ ಇಷ್ಟು ನೇರ ಸೀಳು ಬರುತ್ತಾ?"

"ಸಾಧ್ಯತೆ ಕಡಿಮೆ."

"ಚೌಕ ಅಂಚಿನ ಕಲ್ಲಿನ ಮೇಲೆ ಬಿದ್ದರೆ?"

"ಬರಬಹುದು."

ಅಲ್ಲಿಗೆ ಬಾಯಿ ಮುಚ್ಚಿಕೊಂಡೆ. ಒಳ್ಳೆಯ ಉತ್ತರ ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ ಕೇಳಿ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಆದರೆ ತನಿಖಾಧಿಕಾರಿಯ ಸರದಿ ಬಂದಾಗ ಗಳಿಸಿದ್ದೆಲ್ಲ ಕೈಬಿಟ್ಟುಹೋಯಿತು. ಒಳಗೆ ರಕ್ತ ಹುಡುಕಿದಿರಾ ಎಂದರೆ, ಹುಡುಕಲು ಕಾರಣವೇ ಇರಲಿಲ್ಲ, ಆರೋಪಿಯೇ ಗೇಟಿನಲ್ಲಿ ಹೊಡೆದೆ ಎಂದಿದ್ದರು ಎಂದರು. ಆಮೇಲೆ ಸರ್ಕಾರಿ ವಕೀಲರು ವಿಡಿಯೋ ಹಾಕಿಸಿದರು. ನ್ಯಾಯಾಲಯದ ಹಾಲಿನಲ್ಲಿ ಶಿಳ್ಳೆ ಕೇಳಿತು. ಪೇಟ ತೊಟ್ಟ ತನ್ನ ಮುಖವನ್ನು ನೋಡಲಾರದೆ ನನ್ನ ಕಕ್ಷಿದಾರಳು ತಲೆ ತಗ್ಗಿಸಿದಳು. ನ್ಯಾಯಾಧೀಶರು ಎರಡನೇ ಸಲ ಹಾಕಲು ಹೇಳಿದರು.

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಸತ್ತವನ ತಾಯಿ ಕೂತಿದ್ದಳು. ಕೆ.ಆರ್. ಪುರದ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಪ್ರತಿ ವಾಯಿದೆಗೂ ಬರುತ್ತಿದ್ದಳು. ನಾನು ದಾಟಿ ಹೋಗುವಾಗ ಕರೆದಳು.

"ನನ್ ಮಗ ಕಳ್ಳ, ಸರಿ. ಕಳ್ತನಕ್ಕೆ ಸಾವು ಶಿಕ್ಷೆನಾ ಮೇಡಂ?"

"ಅಲ್ಲಮ್ಮ," ಎಂದೆ. ಆಟೊದಲ್ಲಿ ಕೂತ ಮೇಲೂ ಅದೇ ಕೊರೆಯುತ್ತಿತ್ತು. ಈ ಕೇಸು ಬೀರುವಿನ ಒಡವೆಗಾಗಿ ಹೊಡೆದ ಏಟಿನದಾಗಿದ್ದರೆ ಆ ತಾಯಿಯ ಮಾತೇ ಗೆಲ್ಲಬೇಕಿತ್ತು. ಆ ಏಟು ಬಿದ್ದದ್ದು ಮಗಳಿಗಾಗಿ. ಮಗಳನ್ನು ಬಚ್ಚಿಟ್ಟು ಅದನ್ನು ಹೇಳುವ ದಾರಿ ಇರಲಿಲ್ಲ. ಹಲಸೂರು ಬರುವಷ್ಟರಲ್ಲಿ ನಾನು ತೀರ್ಮಾನಿಸಿಯಾಗಿತ್ತು. ಸೀನಿಯರ್ ಏನೇ ಹೇಳಲಿ, ಇರುವುದನ್ನು ಇರುವಂತೆ ಹೇಳಿಸಬೇಕು. ಒಪ್ಪದಿದ್ದರೆ ವಕಾಲತ್ತು ವಾಪಸು ಕೊಡಬೇಕು.

ಮೂವರನ್ನೂ ಕಚೇರಿಗೆ ಕರೆಸಿದೆ. ಮಗಳನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತಾಯಿ ಎಂದಿನಂತೆ "ಬೇಡ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು.

"ನನ್ ಹೆಸ್ರು ಉಳ್ಸಕ್ಕೆ ನೀನು ಜೈಲಿಗೆ ಹೋದ್ರೆ, ಆ ಹೆಸ್ರು ಇಟ್ಕೊಂಡು ನಾನೇನ್ ಮಾಡ್ಲಿ ಅಮ್ಮ? ಅವತ್ತು ಯಾರು ಅಂತ ಕೂಗಿದ್ದು ನಾನು. ನಾನ್ ಕೂಗ್ದೇ ಇದ್ದಿದ್ರೆ ಅವನು ಆ ಕಡೆ ತಿರುಗ್ತಾನೇ ಇರ್ಲಿಲ್ಲ. ದಿನಾ ಅದನ್ನೇ ಯೋಚ್ನೆ ಮಾಡ್ತೀನಿ. ಒಂದ್ಸಲ ಹೇಳಕ್ಕಾದ್ರೂ ಬಿಡು."

ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ನನ್ನ ಕಡೆ ನೋಡಿ, "ಕೋರ್ಟಲ್ಲಿ ಹೆಸ್ರು ಕೂಗೋವಾಗ ಜೋರಾಗಿ ಕೂಗ್ತಾರಾ?" ಎಂದು ಕೇಳಿದಳು. ಒಪ್ಪಿದಳೆಂದು ಗೊತ್ತಾಯಿತು.

ಭಾವನ ಕಡೆ ತಿರುಗಿದೆ. "ನೀವೂ ಬರ್ಬೇಕು. ಎಳೆದದ್ದು ನೀವು ಅಂತ ಹೇಳದೇ ಇದ್ರೆ ಹುಡುಗಿ ಮಾತು ನಿಲ್ಲಲ್ಲ."

"ನನ್ ಮೇಲೆ ಕೇಸ್ ಆಗಲ್ವಾ ಮೇಡಂ?"

"ಆಗಬಹುದು. ನೀವು ಬೇರೆ ವಕೀಲರನ್ನ ಕೇಳ್ಕೊಂಡು ಬನ್ನಿ. ನಾನು ಇವರ ವಕೀಲೆ, ಇಬ್ಬರಿಗೂ ಬುದ್ಧಿ ಹೇಳಕ್ಕಾಗಲ್ಲ."

ಅವರು ಎದ್ದು ಹೋದರು. ಬರುತ್ತಾರೋ ಇಲ್ಲವೋ ಎಂದು ಕೊನೆಯವರೆಗೂ ಖಾತ್ರಿ ಇರಲಿಲ್ಲ.

ಪ್ರಾಸಿಕ್ಯೂಷನ್ ಮುಗಿದ ಮೇಲೆ ನ್ಯಾಯಾಧೀಶರೇ ಆರೋಪಿಯನ್ನು ನೇರವಾಗಿ ಪ್ರಶ್ನಿಸುವ ಹಂತ ಬರುತ್ತದೆ. ಸಾಮಾನ್ಯವಾಗಿ ನಾವು ಹೇಳಿಕೊಡುವುದು ಎರಡೇ ಉತ್ತರ: 'ಸುಳ್ಳು', 'ಗೊತ್ತಿಲ್ಲ'. ಅವಳಿಗೆ ಎರಡನ್ನೂ ಮರೆತುಬಿಡಿ ಎಂದಿದ್ದೆ.

"ಕಾವಲಿಯಿಂದ ಹೊಡೆದಿರಿ ಎಂದು ಸಾಕ್ಷ್ಯವಿದೆ. ಏನು ಹೇಳುತ್ತೀರಿ?"

"ಹೊಡ್ದೆ ಸ್ವಾಮಿ. ಒಳಗೆ, ಕೋಣೆ ಹೊಸ್ತಿಲ ಹತ್ರ. ಗೇಟಲ್ಲಿ ಅಲ್ಲ."

"ವಿಡಿಯೋದಲ್ಲಿ ಗೇಟು ಎಂದಿದ್ದೀರಲ್ಲ?"

"ಅದು ಸುಳ್ಳು. ಧೈರ್ಯದೋಳು ಅಂದ್ರು, ಹೂಂ ಅಂದೆ. ನಂಗೆ ಧೈರ್ಯ ಇರ್ಲಿಲ್ಲ. ನನ್ ಮಗಳನ್ನ ಚುಚ್ತಾನೆ ಅಂತ ಹೆದ್ರಿಕೆ ಆಯ್ತು."

ಸರ್ಕಾರಿ ವಕೀಲರು ಫೈಲಿನಿಂದ ತಲೆ ಎತ್ತಿದರು.

ಮುಂದಿನ ವಾಯಿದೆಗೆ ಜವಾನ ಮೊಗಸಾಲೆಗೆ ಹೋಗಿ ಮಗಳ ಹೆಸರನ್ನು ತಂದೆಯ ಹೆಸರಿನ ಸಮೇತ ಕೂಗಿದ. ಜೋರಾಗಿಯೇ ಕೂಗಿದ. ತಾಯಿ ಕಣ್ಣು ಮುಚ್ಚಿಕೊಂಡಳು. ಹುಡುಗಿ ಬಂದು ಬಾಕ್ಸ್ ಹತ್ತಿ, ಪ್ರಮಾಣ ಮಾಡಿ, ಜ್ವರದಿಂದ ಹಿಡಿದು ಹೊಸ್ತಿಲವರೆಗೆ ಎಲ್ಲ ಹೇಳಿದಳು. ಸೀನಿಯರ್ ಹೇಳಿದ್ದ ಪ್ರಶ್ನೆ ಬಂದೇ ಬಂತು.

"ಇಷ್ಟು ದಿನ ಎಲ್ಲಿದ್ದೆಯಮ್ಮ? ತಾಯಿನ ಬಿಡಿಸಕ್ಕೆ ಈಗ ಕಥೆ ಹೇಳ್ತಿದೀಯ ಅಲ್ವಾ?"

"ಮನೇಲೇ ಇದ್ದೆ ಸರ್. ಪೊಲೀಸ್ರು ಕೇಳ್ಲಿಲ್ಲ, ಮನೇವ್ರು ಹೇಳಕ್ಕೆ ಬಿಡ್ಲಿಲ್ಲ. ಅಮ್ಮನ್ನ ಬಿಡ್ಸಕ್ಕೇ ಬಂದಿದೀನಿ. ಆದ್ರೆ ಹೇಳ್ತಿರೋದು ನಡೆದಿದ್ದು."

ನಂತರ ಭಾವ. ಬಂದಿದ್ದರು. ಬಿಳಿ ಪಂಚೆ ಶರಟಿನಲ್ಲಿ, ಫ್ಲೆಕ್ಸಿನಲ್ಲಿದ್ದ ಮುಖದ ಅರ್ಧವೂ ಇಲ್ಲದೆ. ಉತ್ತರ ಹೇಳದಿರಲು ಏನಾದರೂ ಕಾರಣವಿದೆಯೇ ಎಂದು ನ್ಯಾಯಾಧೀಶರು ಕೇಳಿದಾಗ "ಹೇಳ್ಬಿಡ್ತೀನಿ ಸ್ವಾಮಿ" ಎಂದರು.

"ಹೊಸ್ತಿಲ ಮೇಲಿಂದ ನಾನೇ ಎಳ್ದೆ. ಮನೆ ಒಳಗೆ ಪ್ರಾಣ ಹೋಗ್ಬಾರ್ದು ಅಂತ. ನಮ್ಮ ಕಡೆ ಹಾಗೆ ಹೋದ್ರೆ ಮನೆ ಬಿಡ್ಬೇಕು."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಅವರಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಇಂಥ ಮನೆಗಳನ್ನು ಅವರೂ ಕಂಡವರೇ. ನಾನು ಗೆದ್ದೆ ಎಂದು ಆ ಕ್ಷಣಕ್ಕೆ ಅನ್ನಿಸಿತು. ಆಗಲೇ ಹಿಂದಿನ ಬೆಂಚಿನಿಂದ ಧ್ವನಿ ಬಂತು.

"ಎಳೆಯೋವಾಗ ಉಸಿರಿತ್ತಾ?"

ಸತ್ತವನ ತಾಯಿ ಎದ್ದು ನಿಂತಿದ್ದಳು. ಜವಾನ ಕೂರಿಸಲು ಹೋದ. ನ್ಯಾಯಾಧೀಶರು ಕೈಸನ್ನೆಯಿಂದ ಅವನನ್ನು ತಡೆದು, ಆ ಪ್ರಶ್ನೆಯನ್ನು ತಾವೇ ಸಾಕ್ಷಿಗೆ ಕೇಳಿದರು.

"ಇತ್ತು," ಎಂದರು ಭಾವ. "ನೀರು ಕೇಳ್ದ. ಮೊದ್ಲು ಆಚೆ ಹಾಕಣ ಅಂದ್ಕೊಂಡೆ."

ಆಕೆ ಕೂತಳು. ಎಳೆದದ್ದು ತಾನೇ ಎಂಬ ಭಾವನ ಮಾತೇ ನನ್ನ ಕಕ್ಷಿದಾರಳಿಗೆ ಬೇಕಾಗಿದ್ದದ್ದು, ಇಷ್ಟು ದಿನ ಅದಕ್ಕಾಗಿಯೇ ಗುದ್ದಾಡಿದ್ದೆ. ಆದರೂ ಆ ತಾಯಿಯ ಕಡೆ ತಿರುಗಿ ನೋಡಲು ನನ್ನಿಂದಾಗಲಿಲ್ಲ.

ವಾದಕ್ಕೆ ನಾನು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಹಣೆಯ ಸೀಳು, ಗೇಟಿನ ಇಳಿಜಾರು, ಹೊಸ್ತಿಲ ಅಂಚು, ಏಟು ಒಂದೇ. ಬೆನ್ನು ತಿರುಗಿಸಿದವರೆಲ್ಲ ಓಡುವವರಲ್ಲ, ಅವನು ಯಾವ ಕಡೆಗೆ ತಿರುಗಿದ್ದ ಎಂದು ನೋಡಿ, ಎಂದೆ. ತೀರ್ಪಿನ ದಿನ ನ್ಯಾಯಾಧೀಶರು ಆ ಭಾಗವನ್ನು ಕನ್ನಡದಲ್ಲೇ ಓದಿದರು: ಆರೋಪಿಯು ಆ ಕ್ಷಣದಲ್ಲಿ ತನ್ನ ಮಗಳ ಪ್ರಾಣದ ಬಗ್ಗೆ ಭಯಗೊಂಡಿದ್ದಳು, ಆ ಭಯಕ್ಕೆ ತಕ್ಕ ಕಾರಣವಿತ್ತು, ಹೊಡೆತ ಅಗತ್ಯ ಮೀರಿರಲಿಲ್ಲ. ಬಿಡುಗಡೆ. ಸಾಕ್ಷ್ಯ ಅಳಿಸಿದ್ದರ ಬಗ್ಗೆ ಭಾವನ ವಿಚಾರ ಬೇರೆಯಾಗಿ ನೋಡಬೇಕೆಂದೂ ಬರೆದಿದ್ದರು. ಸತ್ತವನ ತಾಯಿ ತೀರ್ಪು ಪೂರ್ತಿ ಕೇಳಿಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟಳು.

ತೀರ್ಪಿನ ಪ್ರತಿ ಕೊಡಲು ಕೆಲವು ದಿನ ಬಿಟ್ಟು ಆ ಬೀದಿಗೆ ಹೋದೆ. ಹಿಟ್ಟಿನ ಅಂಗಡಿ ತೆರೆದಿತ್ತು, ಮಗಳು ಗಿರಾಕಿಗಳಿಗೆ ಡಬ್ಬಿ ಕೊಡುತ್ತಿದ್ದಳು. ಬೀದಿಯ ಇಬ್ಬರು ಯುವಕರು ಮೊಬೈಲು ಹಿಡಿದು ತಾಯಿಯ ಮುಂದೆ ನಿಂತಿದ್ದರು. ಹೊಸ ಫ್ಲೆಕ್ಸಿನ ಡಿಸೈನು. ಅದೇ ಪೇಟ, ಅದೇ ಶಾಲು, 'ವೀರ ಮಹಿಳೆಗೆ ಜಯ'.

"ಆಂಟಿ, ಓಕೆ ಅಂದ್ರೆ ಇವತ್ತೇ ಪ್ರಿಂಟಿಗೆ ಕೊಡ್ತೀವಿ."

ಅವಳು ನನ್ನ ಕೈಯಿಂದ ತೀರ್ಪಿನ ಪ್ರತಿ ತೆಗೆದುಕೊಂಡು, ನಾನು ಗೆರೆ ಎಳೆದಿದ್ದ ಪುಟ ತೆರೆದು ಅವರ ಮುಂದೆ ಹಿಡಿದಳು.

"ನಾನು ಹೆದ್ರಿದ್ದೆ ಅಂತ ಜಡ್ಜೇ ಬರ್ಕೊಟ್ಟಿದಾರೆ ಕಣಪ್ಪ. ಹಾಕೋದಾದ್ರೆ ಇದನ್ನ ಹಾಕಿ."